ಆಲೂಗಡ್ಡೆ ಊರಿನಲ್ಲಿ ‘ಬೇಡ’ ಅನ್ನುವುದು

ನಮ್ಮೂರಿನಲ್ಲಿ ಯಾರೂ ಮೊದಲನೇ ಸಲಕ್ಕೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ಕಾಫಿ ಬೇಕಾ ಎಂದು ಕೇಳಿದರೆ “ಅಯ್ಯೋ ಬೇಡ, ಈಗ ತಾನೇ ಆಯ್ತು” ಎನ್ನಬೇಕು. ಎರಡನೇ ಸಲ ಕೇಳಿದರೆ “ಸುಮ್ನೆ ನಿಮಗ್ಯಾಕೆ ತೊಂದ್ರೆ” ಎನ್ನಬೇಕು. ಮೂರನೇ ಸಲ ಕೇಳಿದಾಗ, ಅವರಿಗೇ ಏನೋ ಉಪಕಾರ ಮಾಡುವವರ ಹಾಗೆ, “ಆಗ್ಲಿ, ಅರ್ಧ ಕಪ್ಪು ಸಾಕು” ಎನ್ನಬೇಕು. ಆಮೇಲೆ ಎರಡು ಕಪ್ಪು ಕುಡಿಯಬೇಕು. ಮೊದಲನೇ ಸಲಕ್ಕೇ ಹೂಂ ಎಂದವನು ಹೊಟ್ಟೆಬಾಕ. ಮೂರನೇ ಸಲವೂ ಬೇಡ ಎಂದವನಿಗೆ ಕೊಬ್ಬು. ನಾರ್ವೆಯಿಂದ ಮಿನ್ನೆಸೋಟದ ಈ ಮೂಲೆಗೆ ಬಂದ ನಮ್ಮ ಮುತ್ತಜ್ಜಂದಿರು ಪೆಟ್ಟಿಗೆಯಲ್ಲಿ ಬೈಬಲ್ಲಿನ ಜೊತೆ ಈ ರೋಗವನ್ನೂ ಕಟ್ಟಿಕೊಂಡು ಬಂದರು ಅಂತ ಕಾಣುತ್ತದೆ.

ಹಾಗಾಗಿ ನನ್ನ ತಂಗಿ ಮಾರ್ಲಿಸ್ ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಗೆ ಬಂದು, ಬೂಟಿನ ಹಿಮವನ್ನೂ ಕೊಡವದೆ, “ಅಣ್ಣಾ, ನನ್ನ ಕಿಡ್ನಿ ಒಂದು ತಗೊಂಡ್ಬಿಡು” ಎಂದಾಗ ನಾನು ಹೇಳಿದ್ದು ಇಷ್ಟೇ: “ಅಯ್ಯೋ ಬೇಡ ಮಾರಾಯ್ತಿ, ನಿನಗೆ ಬೇಕಾಗತ್ತೆ.”

ಬೇಡ ಅಂತೆ! ನನ್ನವೆರಡೂ ಕೈಕೊಟ್ಟು ವರ್ಷದ ಮೇಲಾಗಿತ್ತು. ನಲವತ್ತು ವರ್ಷ ಆಲೂಗಡ್ಡೆ ಬೆಳೆದ ಮನುಷ್ಯ ನಾನು, ಆರ್ವಿಡ್ ಟ್ವೈಟ್. ರಕ್ತದೊತ್ತಡವನ್ನು ಲೆಕ್ಕಕ್ಕೇ ಇಡಲಿಲ್ಲ, ಅದು ನನ್ನ ಮೂತ್ರಪಿಂಡಗಳನ್ನು ತಿಂದು ಹಾಕಿತು. ವಾರಕ್ಕೆ ಮೂರು ದಿನ, ಒಂದು ಗಂಟೆ ಕಾರಿನಲ್ಲಿ ಹೋಗಿ, ಡಯಾಲಿಸಿಸ್ ಯಂತ್ರಕ್ಕೆ ಕಟ್ಟಿಹಾಕಿಸಿಕೊಂಡು ಕೂರಬೇಕು. ಅದು ಸಾಲದು ಎಂಬಂತೆ ಆಲೂಗಡ್ಡೆ ನಿಷೇಧ. ಅದರೊಳಗಿನ ಪೊಟ್ಯಾಸಿಯಂ ನನಗೆ ಆಗುವುದಿಲ್ಲವಂತೆ, ಹೃದಯಕ್ಕೇ ಹೊಡೆಯುತ್ತದಂತೆ. ಕಿಟಕಿಯಿಂದ ನೋಡಿದರೆ ಕಣ್ಣು ಹಾಯುವಷ್ಟೂ ನನ್ನದೇ ಆಲೂಗಡ್ಡೆ ಹೊಲ, ತಟ್ಟೆಯಲ್ಲಿ ಮಾತ್ರ ಬೇಯಿಸಿದ ಎಲೆಕೋಸು.

ಎರಡನೇ ಸಲ ಅವಳು ಕೇಳಿದ್ದು ಚರ್ಚಿನ ಮುಂದೆ, ಕಾರುಗಳ ಮಧ್ಯೆ. “ಸುಮ್ನೆ ನಿನಗ್ಯಾಕೆ ತೊಂದ್ರೆ” ಎಂದೆ. ಮೂರನೇ ಸಲ ಕೇಳಿದ್ದು ರಸ್ತೆ ಮಧ್ಯದಲ್ಲೇ. ಅವಳ ಕೆಲಸ ನಮ್ಮ ಜಿಲ್ಲೆಯ, ಅಂದರೆ ಕೌಂಟಿಯ, ಹಿಮ ತಳ್ಳುವ ಲಾರಿ ಓಡಿಸುವುದು. ನಾನು ಡಯಾಲಿಸಿಸ್‌ಗೆ ಹೋಗುವ ದಿನ ಹಿಮ ಬಿದ್ದರೆ ಅವಳು ನನ್ನ ಕಾರಿನ ಮುಂದೆ ಮುಂದೆ ರಸ್ತೆ ಬಿಡಿಸಿಕೊಂಡು ಹೋಗುತ್ತಿದ್ದಳು, ಕೌಂಟಿಯವರು ಕೇಳಿದರೆ ಅದೇ ನನ್ನ ದಾರಿ ಎನ್ನುತ್ತಿದ್ದಳು. ಆ ದಿನ ಲಾರಿಯನ್ನು ಗಕ್ಕನೆ ನಿಲ್ಲಿಸಿ, ಇಳಿದು ಬಂದು ನನ್ನ ಕಾರಿನ ಗಾಜು ಬಡಿದಳು.

“ತಗೋತೀಯೋ ಇಲ್ವೋ? ಕಡ್ಡಿ ತುಂಡು ಮಾಡಿದ ಹಾಗೆ ಹೇಳು. ಹಿಂದೆ ಗಾಡಿಗಳು ನಿಂತಿವೆ.”

“ಆಗ್ಲಿ,” ಎಂದೆ. “ಒಂದೇ ಸಾಕು.”

“ಎರಡು ಕೊಡ್ತೀನಿ ಅಂದೋರು ಯಾರು ನಿನಗೆ, ದುರಾಸೆಯವನೇ!” ಎಂದು ಲಾರಿ ಹತ್ತಿದಳು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಡಿಲೋರಿಸ್ ಆಸ್ಪತ್ರೆ ಬರುವವರೆಗೂ ಅತ್ತಳು. ನಾನು ಚಳಿಗೆ ಕಣ್ಣಲ್ಲಿ ನೀರು ಬಂತು ಎಂದು ಸುಳ್ಳು ಹೇಳಿದೆ.

ದೊಡ್ಡಾಸ್ಪತ್ರೆ ಇರುವುದು ಮಿನಿಯಾಪೊಲಿಸ್‌ನಲ್ಲಿ. ಅಲ್ಲಿ ಅವಳ ರಕ್ತ, ನನ್ನ ರಕ್ತ, ಒಳಗಿನದು, ಹೊರಗಿನದು ಎಲ್ಲ ಪರೀಕ್ಷೆ ಮಾಡಿದರು. ಒಂದೇ ಮರದಿಂದ ಸೀಳಿದ ಎರಡು ಹಲಗೆಗಳ ಹಾಗೆ ಹೊಂದುತ್ತದೆ ಎಂದರು. ಆದರೆ ಕತ್ತರಿ ಹಿಡಿಯುವ ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ತಲೆ ಅಲ್ಲಾಡಿಸಿದರು. ಮಾರ್ಲಿಸ್ ಆಳೂ ದೊಡ್ಡದು, ನಗುವೂ ದೊಡ್ಡದು. ನಲವತ್ತು ಪೌಂಡು ಇಳಿಸಿ ಬಂದರೆ ಮಾತ್ರ, ಎಂದರು ಡಾಕ್ಟರು. ಇಷ್ಟು ತೂಕದಲ್ಲಿ ಕುಯ್ದರೆ ಗಾಯ ಮಾಯುವುದು ಕಷ್ಟ, ಉಳಿಯುವ ಒಂದೇ ಮೂತ್ರಪಿಂಡದ ಮೇಲೂ ಮುಂದೆ ಭಾರ ಬೀಳುತ್ತದೆ, ನಿಮ್ಮಣ್ಣನನ್ನು ಉಳಿಸಲು ಹೋಗಿ ನಿಮ್ಮನ್ನು ಕೆಡಿಸಲು ನನಗೆ ಆಗುವುದಿಲ್ಲ ಎಂದರು. ಸರಿಯಾದ ಮಾತೇ. ಆದರೂ ನನಗೆ ಅವರ ಟೈ ಹಿಡಿದು ಜಗ್ಗಬೇಕು ಎನ್ನಿಸಿತು.

ಡಿಲೋರಿಸ್ ಒಂದು ವಾರವೂ ತಡೆಯಲಿಲ್ಲ. ಅಂಗಡಿಯಿಂದ ಪುಡಿಯ ಡಬ್ಬಗಳನ್ನು ತಂದು ಅಡುಗೆಮನೆಯಲ್ಲಿ ಪೇರಿಸಿಟ್ಟಳು. ಚಾಕೊಲೇಟು, ವೆನಿಲಾ, ಸ್ಟ್ರಾಬೆರಿ. ಬೆಳಿಗ್ಗೆ ಒಂದು ಶೇಕ್, ಮಧ್ಯಾಹ್ನ ಒಂದು ಶೇಕ್, ಸಂಜೆ ಅಳತೆಯ ಊಟ.

“ನೋಡು ಮಾರ್ಲಿಸ್, ಯೋಚನೆ ಮಾಡೋ ಹಾಗೇ ಇಲ್ಲ. ಎಲ್ಲ ಅವರೇ ಲೆಕ್ಕ ಹಾಕಿ ಇಟ್ಟಿದ್ದಾರೆ. ನೀರು ಹಾಕು, ಅಲ್ಲಾಡಿಸು, ಕುಡಿ.”

“ಅತ್ತಿಗೆ, ಇದು ನಮ್ಮ ಕರುಗಳಿಗೆ ಕುಡಿಸ್ತಿದ್ವಲ್ಲ, ಆ ಪುಡಿ ಥರಾನೇ ಇದೆ.”

“ಆ ಕರುಗಳು ಚೆನ್ನಾಗೇ ಬೆಳೆದ್ವಲ್ಲ!”

“ಬೆಳೆಯೋದಲ್ಲ ಅತ್ತಿಗೆ ಈಗ ಬೇಕಾಗಿರೋದು,” ಎಂದು ಮಾರ್ಲಿಸ್ ಬಿದ್ದು ಬಿದ್ದು ನಕ್ಕಳು. ನಕ್ಕವಳು ಮೂಗು ಹಿಡಿದು ಗಟಗಟ ಕುಡಿದೂ ಬಿಟ್ಟಳು.

ಸುಳ್ಳು ಹೇಳಬಾರದು, ಪುಡಿ ಕೆಲಸ ಮಾಡಿತು. ಲಾರಿ ಓಡಿಸುವವಳಿಗೆ ಒಂದು ಕೈ ಸ್ಟಿಯರಿಂಗಿಗೆ, ಒಂದು ಕೈ ಬಾಟಲಿಗೆ. ಪೆಟ್ರೋಲ್ ಬಂಕಿನ ಸಕ್ಕರೆ ರೊಟ್ಟಿ, ಚಿಪ್ಸು, ದೊಡ್ಡ ಲೋಟದ ಕೋಲಾ ಎಲ್ಲ ತಾವಾಗಿಯೇ ನಿಂತುಹೋದವು. ಬೇಸಿಗೆ ಮುಗಿಯುವ ಹೊತ್ತಿಗೆ ಇಳಿಸಬೇಕಾದ್ದರಲ್ಲಿ ಮುಕ್ಕಾಲು ಪಾಲು ಇಳಿಸಿದ್ದಳು. ಪ್ಯಾಂಟು ಜಾರುತ್ತದೆ ಎಂದು ನನ್ನ ಹಳೇ ಬೆಲ್ಟು ಕೇಳಿ ಒಯ್ದಳು. ನಾನು ಯಂತ್ರದ ಪಕ್ಕ ಕೂತು, ದೇವರೇ, ಆ ಪುಡಿ ಮಾಡಿದವನ ಹೊಟ್ಟೆ ತಣ್ಣಗಿರಲಿ ಎಂದುಕೊಳ್ಳುತ್ತಿದ್ದೆ.

ಆಮೇಲೆ ಊರಿಗೆ ಗೊತ್ತಾಯಿತು.

ನಮ್ಮ ಜನ ಕೃತಜ್ಞತೆಯನ್ನು ಬಾಯಲ್ಲಿ ಹೇಳುವವರಲ್ಲ. ನಮ್ಮಲ್ಲಿ ಕೃತಜ್ಞತೆ ಬರುವುದು ಬಾಣಲೆಯಲ್ಲಿ, ಮೇಲೆ ಬೆಳ್ಳಿ ಕಾಗದ ಮುಚ್ಚಿಕೊಂಡು, ತಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಮನೆಯೊಡತಿಯ ಹೆಸರು ಬರೆಸಿಕೊಂಡು. ಅಣ್ಣನಿಗೆ ಮೂತ್ರಪಿಂಡ ಕೊಡುವ ತಂಗಿ! ಊರಿಗೆ ಊರೇ ಕರಗಿಹೋಯಿತು. ಮಾರ್ಲಿಸ್‌ಳ ಮೆಟ್ಟಿಲ ಮೇಲೆ ಹಾಟ್‌ಡಿಶ್‌ಗಳು ಸಾಲುಗಟ್ಟಿದವು. ಕೊಚ್ಚಿದ ದನದ ಮಾಂಸ, ಡಬ್ಬಿಯ ಅಣಬೆ ಸೂಪು, ಮೇಲೆ ಕರಿದ ಆಲೂಗಡ್ಡೆ ಉಂಡೆಗಳ ಚಾವಣಿ. ಜೊತೆಗೆ ಸಕ್ಕರೆ ಪಾಕದ ರೋಲು, ಸೇಬಿನ ಪೈ, ಬೆಣ್ಣೆ ಸವರಿ ಸಕ್ಕರೆ ಉದುರಿಸಿದ ಆಲೂಗಡ್ಡೆ ರೊಟ್ಟಿ ಲೆಫ್ಸೆ. ನಮ್ಮ ಕಣಿವೆಯಲ್ಲಿ ಬೆಳೆಯುವುದೇ ಎರಡು, ಆಲೂಗಡ್ಡೆ ಮತ್ತು ಸಕ್ಕರೆ ತೆಗೆಯುವ ಬೀಟ್ ಗಡ್ಡೆ. ನಮ್ಮ ಪ್ರೀತಿಯೂ ಅವೆರಡರಲ್ಲೇ.

ಅವಳು ಬೇಡ ಎನ್ನಲಿಲ್ಲವೇ? ಎಂದಳು, ಮಾರಾಯರೇ, ಎಂದಳು! ಮೊದಲನೇ ಸಲ ಬೇಡ ಎಂದಳು, ಅವರು ನಕ್ಕರು. ಎರಡನೇ ಸಲ ಬೇಡ ಎಂದಳು, ಬಾಣಲೆಯನ್ನು ಇನ್ನಷ್ಟು ಮುಂದೆ ಚಾಚಿದರು. ಮೂರನೇ ಸಲ ಬೇಡ ಎಂದಾಗ ಪಾಪ, ಅವರ ಮುಖ ಬಾಡಿತು. ಯಾವ ಬಾಯಲ್ಲಿ ನಾಲ್ಕನೇ ಸಲ ಹೇಳುತ್ತಾಳೆ? ತೆಗೆದುಕೊಂಡಳು. ತೆಗೆದುಕೊಂಡ ಮೇಲೆ ಬಾಣಲೆ ತೊಳೆದು ವಾಪಸ್ ಕೊಡುವಾಗ ಹೇಗಿತ್ತು ಎಂದು ಕೇಳುತ್ತಾರೆ, ರುಚಿ ನೋಡದೆ ಹೇಳುವುದು ಹೇಗೆ?

ಅಕ್ಟೋಬರಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಸುಗ್ಗಿಯ ಊಟ. ಉದ್ದುದ್ದ ಮೇಜುಗಳು, ಹಬೆಯಾಡುವ ತಟ್ಟೆಗಳು. ಅಲ್ಲಿಗೆ ಮಾರ್ಲಿಸ್ ತನ್ನ ಪ್ಲಾಸ್ಟಿಕ್ ಬಾಟಲಿ ಹಿಡಿದುಕೊಂಡು ಬಂದಳು. ನನ್ನ ಪಕ್ಕ ಕೂತು ಅದನ್ನು ಅಲ್ಲಾಡಿಸತೊಡಗಿದಳು. ಪುಡಿ ಕಲಸಲೆಂದು ಒಳಗಿರುವ ಲೋಹದ ಗುಂಡು ಟಣಟಣ ಬಡಿಯುತ್ತಿದ್ದ ಹಾಗೆ ಮೇಜಿನ ಈ ತುದಿಯಿಂದ ಆ ತುದಿಗೆ ಮಾತು ನಿಂತುಹೋಯಿತು.

“ಹುಷಾರಿಲ್ವೇನಮ್ಮ?” ಎಂದ ಎದುರಿಗೆ ಕೂತ ಮುದುಕ ಯಾಲ್ಮರ್.

“ಹುಷಾರಾಗಿದೀನಿ ಯಾಲ್ಮರ್. ಇದೇ ನನ್ನ ಊಟ.”

“ಛೆ ಛೆ. ಯಾರಾದ್ರೂ ಆ ಹುಡುಗಿಗೆ ಒಂದು ತಟ್ಟೆ ಕೊಡ್ರಪ್ಪಾ!”

ಅವನು ಹುಡುಗಿ ಎಂದ ಮಾರ್ಲಿಸ್‌ಗೆ ಐವತ್ತೈದು ವರ್ಷ. ಎಂಟು ಕೈಗಳಿಂದ ಎಂಟು ತಟ್ಟೆ ಬಂದವು. ಅವಳು ನನ್ನ ಮುಖ ನೋಡಿದಳು. ನಾನಾದರೂ ಏನು ಮಾಡಲಿ, ನನ್ನ ತಟ್ಟೆಯಲ್ಲೂ ಎಲೆಕೋಸಷ್ಟೇ ಇತ್ತು. ಆವತ್ತು ತಿಂದಳು. ತಿಂದವಳು ಬಾಟಲಿ ಎತ್ತಿಕೊಂಡು ಹೊರಡುವಾಗ ನನ್ನ ಕಿವಿಯಲ್ಲಿ ಹೇಳಿದಳು, “ಹಸಿವಲ್ಲ ಅಣ್ಣಾ. ಎಲ್ಲರೂ ಊಟಕ್ಕೆ ಕೂತಾಗ ಒಬ್ಬಳೇ ಬಾಟ್ಲಿ ಹಿಡ್ಕೊಂಡು ಕೂರೋದಿದೆಯಲ್ಲ, ಅದು ಆಗಲ್ಲ ಕಣೋ. ಹಲ್ಲು ಇರೋದಾದ್ರೂ ಯಾಕೆ ಮತ್ತೆ?”

ಅಲ್ಲಿಂದ ಕಟ್ಟೆ ಒಡೆಯಿತು. ಬೆಳಿಗ್ಗೆ ಶೇಕ್, ಮಧ್ಯಾಹ್ನ ಶೇಕ್, ಸಂಜೆ ಎಲ್ಲರ ಹಾಟ್‌ಡಿಶ್. ಕ್ರಿಸ್‌ಮಸ್ಸಿಗೆ ಕುಕ್ಕಿಗಳ ತಟ್ಟೆಗಳು ಬಂದವು. ಜನವರಿಯಲ್ಲಿ ಮಿನಿಯಾಪೊಲಿಸ್‌ಗೆ ಹೋಗಿ ತೂಕ ನೋಡಿಸಿದರೆ, ಇಳಿದದ್ದರಲ್ಲಿ ಅರ್ಧ ಮತ್ತೆ ಬಂದು ಕೂತಿತ್ತು. ಅಲ್ಲಿಯ ಆಹಾರ ತಜ್ಞೆ ಹೋದಾನ್, ಸೊಮಾಲಿ ಮನೆತನದ ಹುಡುಗಿ, ತಲೆವಸ್ತ್ರದೊಳಗಿಂದ ಇಷ್ಟಗಲ ನಗುವವಳು, ಆವತ್ತು ನಗಲಿಲ್ಲ. “ಸದ್ಯಕ್ಕೆ ನಿಮ್ಮ ಫೈಲನ್ನು ಪಕ್ಕಕ್ಕಿಡ್ತಾರಂತೆ. ಮುಚ್ಚಿಲ್ಲ, ಪಕ್ಕಕ್ಕೆ ಅಷ್ಟೇ. ವಸಂತದಲ್ಲಿ ಮತ್ತೆ ಬನ್ನಿ,” ಎಂದಳು.

ವಸಂತದವರೆಗೆ ನಾನು ಇರಬೇಕಲ್ಲ! ಡಿಸೆಂಬರಿನಲ್ಲಿ ನನ್ನ ತೋಳಿನ ನಾಳ ಕಟ್ಟಿಕೊಂಡು ಡಯಾಲಿಸಿಸ್ ಮಾಡಲಾಗದೆ, ಎರಡು ಸಲ ಆಸ್ಪತ್ರೆ ಸೇರಿದ್ದೆ. ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ತುತ್ತೇ ವೈರಿಯಾಗಿ ನಿಂತಿತ್ತು.

ಮಾರನೇ ದಿನ ಮಾರ್ಲಿಸ್ ನಮ್ಮ ಅಡುಗೆಮನೆಯಲ್ಲಿ ಕೋಟು ಸಹ ಬಿಚ್ಚದೆ ಕೂತಿದ್ದಳು. ಅವಳ ದೊಡ್ಡ ಕೈಗಳು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು. ಡಿಲೋರಿಸ್ ಹೊಸ ಡಬ್ಬ ಒಡೆಯುತ್ತಿದ್ದಳು.

“ಇನ್ನೊಂದು ಸಲ ಶುರು ಮಾಡೋಣ. ಇದು ಬಾಳೆಹಣ್ಣಿನ ರುಚೀದು,” ಎಂದಳು.

“ಅತ್ತಿಗೆ, ನಾನೊಂದು ಹಂದಿ. ಒಡಹುಟ್ಟಿದ ಅಣ್ಣನಿಗೋಸ್ಕರ ಬಾಯಿ ಕಟ್ಟೋಕಾಗಲಿಲ್ಲ ನನಗೆ.”

ಆ ಮಾತು ನನ್ನ ಎದೆಗೆ ನಾಟಿತು. ಏಳನೇ ವಯಸ್ಸಿಗೇ ನನ್ನ ಜೊತೆ ಆಲೂಗಡ್ಡೆ ಆರಿಸಲು ಬರುತ್ತಿದ್ದ ಮಗು ಅದು. ತನ್ನ ಬುಟ್ಟಿಯಿಂದ ತೆಗೆದು ನನ್ನ ಬುಟ್ಟಿಗೆ ಹಾಕುತ್ತಿತ್ತು, ಅಪ್ಪ ನನ್ನನ್ನು ಬೈಯದಿರಲಿ ಅಂತ. ಇವಳು ತನ್ನನ್ನು ಹಂದಿ ಎಂದುಕೊಳ್ಳುವ ಬೆಲೆಗೆ ಸಿಗುವ ಮೂತ್ರಪಿಂಡ ನನಗೆ ಯಾಕೆ? ನಾನು ಗಟ್ಟಿಯಾಗಿ ಹೇಳಿದೆ.

“ಮಾರ್ಲಿಸ್, ಸಾಕು. ನನಗೆ ಬೇಡ.”

“ಏನು ಬೇಡ?”

“ಕಿಡ್ನಿ ಬೇಡ. ನಿಂದು ನಿನ್ನ ಹತ್ರಾನೇ ಇರ್ಲಿ. ಯಂತ್ರ ಇದೆ, ಎಷ್ಟು ದಿನ ಓಡತ್ತೋ ಓಡ್ಲಿ.”

ಅವಳು ಮೂಗು ಒರೆಸಿಕೊಂಡಳು. “ಒಂದು,” ಎಂದಳು.

“ಒಂದು ಗಿಂದು ಇಲ್ಲ. ನಿಜವಾಗಿ ಹೇಳ್ತಿದೀನಿ, ಬೇಡ.”

“ಎರಡು.”

“ಲೇ! ಇದು ಕಾಫಿ ಅಲ್ಲ ಕಣೇ! ದೇವರಾಣೆಗೂ ಬೇಡ! ನಾನು ಸತ್ರೆ ಸಾಯ್ತೀನಿ, ನಿನಗ್ಯಾಕೆ ಅದರ ಉಸಾಬರಿ?”

“ಮೂರು. ಮುಗೀತಾ? ಈಗ ಹೂಂ ಅನ್ನು.”

ನಾನು ಮೇಜು ಗುದ್ದಿದೆ. ಜೀವನದಲ್ಲಿ ಮೊದಲ ಸಲ ಮನಸ್ಸಿನಲ್ಲಿದ್ದುದನ್ನೇ ಬಾಯಲ್ಲಿ ಹೇಳಿದ್ದೆ, ನಂಬುವವರು ಒಬ್ಬರೂ ಇಲ್ಲ! ಡಿಲೋರಿಸ್ ಕೂಡ ಚಮಚ ಹಿಡಿದುಕೊಂಡು, ಇವರು ಇನ್ನು ಹೂಂ ಅಂತಾರೆ ಎನ್ನುವ ಮುಖದಲ್ಲಿ ಕಾಯುತ್ತಿದ್ದಳು. ನಾನು ಹೂಂ ಅನ್ನಲಿಲ್ಲ. ಬೇಡ ಅನ್ನಲೂ ಇನ್ನು ಉಸಿರಿರಲಿಲ್ಲ. ಕೆಮ್ಮುತ್ತಾ ಕೂತೆ. ಮಾರ್ಲಿಸ್ ಎದ್ದು ಬಂದು ಬೆನ್ನು ನೀವಿದಳು.

ಆಗಲೇ ಬಾಗಿಲಲ್ಲಿ ಗುಡ್ರುನಮ್ಮ ನಿಂತಿದ್ದದ್ದು ಕಂಡಿತು. ಎಂಬತ್ತೆರಡು ವರ್ಷ, ಕಡ್ಡಿಯಂಥ ಮೈ, ಚರ್ಚಿನ ಅಡುಗೆಮನೆಗೆ ನಲವತ್ತು ವರ್ಷದಿಂದ ಅವಳೇ ರಾಣಿ. ನಮ್ಮೂರಿನ ಅತಿ ದೊಡ್ಡ ಆಲೂಗಡ್ಡೆ ಹೊಲವೂ ಅವಳ ಮನೆಯದೇ. ಎರಡೂ ಕೈಯಲ್ಲಿ ಬಿಸಿ ಹಾಟ್‌ಡಿಶ್, ಮಾರ್ಲಿಸ್ ಇಲ್ಲಿದ್ದಾಳೆ ಎಂದು ಕೇಳಿ ತಂದದ್ದು. ಎಲ್ಲ ಕೇಳಿಸಿಕೊಂಡಿದ್ದಳು.

“ಇದು ಎಷ್ಟನೇದು ಮಾರ್ಲಿಸ್, ನಿಮ್ಮನೆಗೆ ಬಂದದ್ದು?” ಎಂದಳು ಬಾಣಲೆ ತೋರಿಸಿ.

“ಅಯ್ಯೋ, ಎಣಿಸೋಕಾಗತ್ತಾ ಗುಡ್ರುನಮ್ಮ. ಎಲ್ಲಾ ಪ್ರೀತಿಯಿಂದ ಕೊಟ್ಟದ್ದು.”

“ಮತ್ತೆ ನೀನು ತಿಂದದ್ದೂ ಪ್ರೀತಿಗೇ. ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇಲ್ವಂತೆ, ಹಾಗಾಯ್ತು ನಿನ್ನ ಕಥೆ. ನಾವೆಲ್ಲ ಸೇರಿ ಇವನನ್ನು ಸಾಯಿಸ್ತಿದೀವಿ ಅಂತ ಒಬ್ಬರಾದ್ರೂ ಬಾಯಿ ಬಿಟ್ಟಿರೇನೇ?”

ಹಾಗೆಂದವಳೇ ತಿರುಗಿ, ಬಾಣಲೆಯನ್ನು ತನ್ನ ಕಾರಿನಲ್ಲಿಟ್ಟು ಬಂದಳು. ನಮ್ಮೂರು ಹುಟ್ಟಿದಾಗಿನಿಂದ ತಂದ ಊಟವನ್ನು ತುಂಬಿದ ಹಾಗೇ ವಾಪಸ್ ಒಯ್ದವರು ಇವಳೊಬ್ಬಳೇ ಇರಬೇಕು. ಡಿಲೋರಿಸ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಒಳಗೆ ಬಂದು ಕೂತ ಗುಡ್ರುನಮ್ಮನ ಕಣ್ಣು ಪುಡಿಯ ಡಬ್ಬದ ಮೇಲೆ ಬಿತ್ತು.

“ಮೊದಲು ಈ ಸುಣ್ಣ ಬಿಸಾಕು. ನಮ್ಮಮ್ಮನ ಕಾಲದಲ್ಲಿ ಮದುವೆ ಲಂಗ ಬಿಗಿಯಾದ್ರೆ ಏನು ಮಾಡ್ತಿದ್ರು ಗೊತ್ತಾ? ರೊಟ್ಟಿ ನಿಲ್ಲಿಸು, ಆಲೂಗಡ್ಡೆ ನಿಲ್ಲಿಸು, ಸಕ್ಕರೆ ನಿಲ್ಲಿಸು. ಮೊಟ್ಟೆ, ಮೀನು, ಮಾಂಸ, ಎಲೆಕೋಸು, ಬೆಣ್ಣೆ. ಮುಗೀತು.”

“ಬೆಣ್ಣೆ ತಿಂದು ಸಣ್ಣಗಾಗೋದಾ?” ಡಿಲೋರಿಸ್‌ಗೆ ರೇಗಿತು. “ಇದರಲ್ಲಿ ಅಳತೆ ಇದೆ ಗುಡ್ರುನಮ್ಮ, ವಿಟಮಿನ್ ಇದೆ. ಬೇಸಿಗೇಲಿ ಇಳಿದಿದ್ದು ಇದರಿಂದಲೇ.”

“ಏರಿದ್ದು?”

“ಏರಿದ್ದು ನಿಮ್ಮೆಲ್ಲರ ಹಾಟ್‌ಡಿಶ್‌ನಿಂದ!”

“ಅದನ್ನೇ ಅಲ್ವೇನೇ ನಾನೂ ಹೇಳ್ತಿರೋದು! ನಿನ್ನ ಬಾಟ್ಲಿ ಇವಳನ್ನು ಮೇಜಿನಿಂದ ಎಬ್ಬಿಸ್ತು. ಮೇಜಿನಲ್ಲೇ ಕೂರೋ ಹಾಗೆ ಏನಾದ್ರೂ ಕೊಡು ಅಂತಿದೀನಿ. ನಿಜವಾದ ಬೇಡ ಅನ್ನೋಕೆ ಬರದ ಊರು ಇದು, ಹೂಂ ಅನ್ನೋ ಹಾಗಾದ್ರೂ ಬಡಿಸಬೇಕಲ್ಲ.”

ಇಬ್ಬರೂ ಅರ್ಧ ಗಂಟೆ ಜಗಳವಾಡಿದರು. ನಮ್ಮೂರಿನ ಜಗಳವೆಂದರೆ ದನಿ ಏರುವುದಿಲ್ಲ, ಕಾಫಿ ಕಪ್ಪು ಇಡುವ ಸದ್ದು ಮಾತ್ರ ಜೋರಾಗುತ್ತದೆ. ಆವತ್ತು ಒಂದು ಕಪ್ಪಿನ ಹಿಡಿ ಮುರಿಯಿತು. ಕಡೆಗೆ ಮಾರ್ಲಿಸ್ ಮಿನಿಯಾಪೊಲಿಸ್‌ಗೆ ಫೋನು ಹಚ್ಚಿ, ಹೋದಾನ್‌ಳನ್ನೇ ಕೇಳಿದಳು. ಆ ಹುಡುಗಿ ಇಬ್ಬರ ಪರವೂ ಮಾತಾಡಲಿಲ್ಲ. ಪುಡಿಯಿಂದ ಎಷ್ಟೋ ಜನ ಇಳಿಸಿದ್ದಾರೆ, ರೊಟ್ಟಿ ಆಲೂಗಡ್ಡೆ ಬಿಟ್ಟೂ ಎಷ್ಟೋ ಜನ ಇಳಿಸಿದ್ದಾರೆ, ನಿಮಗೆ ಮುಂದಿನ ವರ್ಷವೂ ಮಾಡಲಾಗುವುದು ಯಾವುದು ಅದನ್ನು ಹಿಡಿಯಿರಿ ಎಂದಳು. ಆದರೆ ಮಾಂಸ ಮಿತಿಯಲ್ಲಿರಲಿ, ತಟ್ಟೆಯಲ್ಲಿ ಅರ್ಧ ತರಕಾರಿ ಇರಲಿ, ನೀರು ಕುಡಿಯಿರಿ, ಬೆಣ್ಣೆಯನ್ನು ಸಲಿಕೆಯಲ್ಲಿ ಹಾಕಬೇಡಿ, ನಡುನಡುವೆ ರಕ್ತ ಪರೀಕ್ಷೆ ಮಾಡಿಸಿ ನನಗೆ ಕಳಿಸಿ ಎಂದಳು.

“ಕೇಳಿದ್ರಾ, ಸಲಿಕೆ!” ಎಂದಳು ಡಿಲೋರಿಸ್.

“ಕೇಳಿದೆ. ತರಕಾರಿ ಅಂದದ್ದು ನಿನಗೆ ಕೇಳಿಸ್ತಾ?” ಎಂದಳು ಗುಡ್ರುನಮ್ಮ.

ಮುಂದಿನ ಭಾನುವಾರ ಪೂಜೆಯಾದ ಮೇಲೆ, ಎಲ್ಲರೂ ಕಾಫಿಗೆ ನಿಂತಿದ್ದಾಗ, ಗುಡ್ರುನಮ್ಮ ಚಮಚದಿಂದ ಕೆಟಲ್ ಬಡಿದಳು. ನಮ್ಮಲ್ಲಿ ಯಾರೂ ಯಾವುದನ್ನೂ ನೇರವಾಗಿ ಹೇಳುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಅವಳು ಆವತ್ತು ದೀಪವನ್ನು ಎಲ್ಲರ ಮೂಗಿನ ಕೆಳಗೇ ಹಿಡಿದಳು.

“ಕೇಳಿ. ಆರ್ವಿಡ್ ಬದುಕಬೇಕಾ ಬೇಡ್ವಾ? ಬದುಕಬೇಕಾದ್ರೆ ಮಾರ್ಲಿಸ್ ಇಳೀಬೇಕು. ಇವತ್ತಿಂದ ಅವಳಿಗೆ ಆಲೂಗಡ್ಡೆ ಇಲ್ಲ, ನೂಡಲ್ ಇಲ್ಲ, ಸಕ್ಕರೆ ಇಲ್ಲ. ಆಲೂಗಡ್ಡೆ ಮಾರಿ ಮನೆ ಕಟ್ಟಿದವಳು ನಾನೇ ಹೇಳ್ತಿದೀನಿ. ಕೊಡಬೇಕು ಅನ್ನಿಸಿದೋರು ಎಲೆಕೋಸು, ಹೂಕೋಸು, ಮೊಟ್ಟೆ, ಮೀನು ಕೊಡಿ. ಅವಳು ಬೇಡ ಅಂದ್ರೆ ಅದು ಬೇಡ. ಎರಡನೇ ಸಲ ಕೇಳಿದೋರಿಗೆ ನನ್ನ ಅಡುಗೆಮನೇಲಿ ಜಾಗ ಇಲ್ಲ.”

ಮುದುಕ ಯಾಲ್ಮರ್ ತನ್ನ ಕೈಲಿದ್ದ ಸಕ್ಕರೆ ರೋಲನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಮಾರ್ಲಿಸ್ ಕಿವಿವರೆಗೂ ಕೆಂಪಾಗಿದ್ದಳು. ನನಗೆ ನೆಲದೊಳಗೆ ಹೋಗಿಬಿಡೋಣ ಎನ್ನಿಸಿತು, ಆ ಮುದುಕಿಯ ಕಾಲು ಹಿಡಿಯೋಣ ಅಂತಲೂ ಅನ್ನಿಸಿತು.

ಆಮೇಲೆ ನೋಡಿ ನಮ್ಮ ಜನರ ಪ್ರತಾಪ. ಅದೇ ಬಾಣಲೆ, ಅದೇ ಬೆಳ್ಳಿ ಕಾಗದ, ತಳದಲ್ಲಿ ಅದೇ ಹೆಸರು. ಒಳಗೆ ಮಾತ್ರ ಬೇರೆ. ಮಾಂಸ, ಎಲೆಕೋಸು, ಮೇಲೆ ಚೀಸು ಹಾಕಿ ಕೆಂಪಗೆ ಮಾಡಿದ ಹಾಟ್‌ಡಿಶ್. ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು ಹಿಡಿದ ಮೀನನ್ನು ಯಾಲ್ಮರ್ ತಾನೇ ಬಿಡಿಸಿ ತಂದುಕೊಟ್ಟ. ಯಾರೋ ಹೂಕೋಸಿನಲ್ಲಿ ಲೆಫ್ಸೆ ಮಾಡಲು ಹೋಗಿ ಅದು ಒದ್ದೆ ಕರವಸ್ತ್ರದ ಹಾಗಾಯಿತು. ಮಾರ್ಲಿಸ್ ಅದನ್ನೂ ತಿಂದು ಚೆನ್ನಾಗಿದೆ ಎಂದಳು. ಲಾರಿಯಲ್ಲಿ ಅವಳ ಕೋಟಿನ ಒಂದು ಜೇಬಿನಲ್ಲಿ ಬೇಯಿಸಿದ ಮೊಟ್ಟೆ, ಇನ್ನೊಂದರಲ್ಲಿ ಜಿಂಕೆ ಮಾಂಸದ ಸಾಸೇಜು. ಆದರೆ ಹಿಮಗಾಳಿ ಎದ್ದ ದಿನ ನಸುಕಿಗೇ ಲಾರಿ ಹತ್ತಬೇಕಾದರೆ ಡಿಲೋರಿಸ್‌ಳ ಚಾಕೊಲೇಟ್ ಬಾಟಲಿಯೇ. “ಇದು ನಿಮ್ಮದು ಅತ್ತಿಗೆ,” ಎಂದು ಕಿಟಕಿಯಿಂದ ಎತ್ತಿ ತೋರಿಸಿ ಕುಡಿಯುತ್ತಿದ್ದಳು. ಡಿಲೋರಿಸ್‌ಗೆ ಅಷ್ಟು ಸಾಕಿತ್ತು.

ಈ ಸಲ ಇಳಿತ ನಿಧಾನ. ಬೇಸಿಗೆಯ ಹಾಗೆ ಸರಸರ ಇಳಿಯಲಿಲ್ಲ. ಮಾರ್ಚಿನಲ್ಲಿ ಒಮ್ಮೆ ಹದಿನೈದು ದಿನ ನಿಂತೇಹೋಯಿತು. ಆದರೆ ಅವಳು ಮೇಜಿನಲ್ಲಿ ಕೂತು, ಎಲ್ಲರ ಜೊತೆ, ಫೋರ್ಕು ಹಿಡಿದು, ಅಗಿದು ತಿನ್ನುತ್ತಿದ್ದಳು, ತಮಾಷೆ ಹೇಳಿ ನಗಿಸುತ್ತಿದ್ದಳು. ಏಪ್ರಿಲ್ ಕೊನೆಗೆ ಮಿನಿಯಾಪೊಲಿಸ್‌ನ ಆ ತೂಕದ ಯಂತ್ರದ ಮೇಲೆ ಹತ್ತಿ ಕಣ್ಣು ಮುಚ್ಚಿಕೊಂಡಳು. ಹೋದಾನ್ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ತಜ್ಞೆ ಎನ್ನುವುದನ್ನು ಮರೆತು ಮಾರ್ಲಿಸ್‌ಳನ್ನು ತಬ್ಬಿಕೊಂಡಳು.

ಮೇ ತಿಂಗಳಲ್ಲಿ ನಮ್ಮಿಬ್ಬರನ್ನೂ ಒಂದೇ ಬೆಳಿಗ್ಗೆ ಪಕ್ಕಪಕ್ಕದ ಕೋಣೆಗಳಿಗೆ ತಳ್ಳಿಕೊಂಡು ಹೋದರು. ಎಚ್ಚರವಾದಾಗ ನರ್ಸು ಬಂದು, ನಿಮ್ಮ ತಂಗಿ ಕೊಟ್ಟದ್ದು ಆಪರೇಷನ್ ಮೇಜಿನ ಮೇಲೇ ಕೆಲಸ ಶುರು ಮಾಡಿತು, ಅಷ್ಟು ಅವಸರ ಅದಕ್ಕೆ ಎಂದಳು. ಅವಳದೇ ಅಲ್ಲವೇ, ಕೆಲಸಕ್ಕೆ ತಡ ಮಾಡಿ ಗೊತ್ತಿಲ್ಲ. ನಾನು ಅತ್ತೆ. ಆವತ್ತು ಚಳಿಯ ನೆಪವೂ ಇರಲಿಲ್ಲ.

ಮೊದಮೊದಲು ಹೊಸ ಔಷಧಿಗಳ ದೆಸೆಯಿಂದ ಆಲೂಗಡ್ಡೆ ಇನ್ನೂ ಬೇಡ ಎಂದಿದ್ದರು. ಆಗಸ್ಟಿನಲ್ಲಿ ಡಾಕ್ಟರು ರಕ್ತ ನೋಡಿ, ಇನ್ನು ತಿನ್ನಬಹುದು, ಹಿತಮಿತವಾಗಿ ಎಂದರು. ನಾನು ಸೀದಾ ಹೊಲಕ್ಕೆ ಹೋದೆ. ಹೊಲವನ್ನು ಈಗ ಗುತ್ತಿಗೆಗೆ ಕೊಟ್ಟಿದ್ದೇನೆ, ಆದರೂ ಒಂದು ಗಿಡ ಕೀಳಲು ಯಾರನ್ನು ಕೇಳಬೇಕು? ಕೆಂಪು ಸಿಪ್ಪೆಯ ಎಳೆ ಆಲೂಗಡ್ಡೆ, ಉಗುರು ತಾಗಿದರೆ ಸುಲಿಯುವಂಥದು. ಒಂದನ್ನು ಬೇಯಿಸಿ, ಉಪ್ಪು ಚಿಟಿಕೆ, ಬೆಣ್ಣೆ ಚೂರು ಹಾಕಿ ತಟ್ಟೆಯಲ್ಲಿಟ್ಟುಕೊಂಡು ಕೂತೆ. ಎರಡೂವರೆ ವರ್ಷಕ್ಕೂ ಮೇಲೆ ಕಾದ ಊಟ. ಹಬೆ ಮುಖಕ್ಕೆ ಬಡಿಯಿತು.

ಆಗ ಮಾರ್ಲಿಸ್ ಬಂದಳು. ನನ್ನ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡಿದ್ದಳು. ಎದುರಿಗೆ ಕೂತು ತಟ್ಟೆ ನೋಡಿದಳು.

“ತಿಂತೀಯಾ?” ಎಂದೆ.

“ಅಯ್ಯೋ ಬೇಡಪ್ಪ. ನಿಂದು ಅದು, ನೀನು ತಿನ್ನು.”

ಸರಿ ಎಂದು ನಾನು ಫೋರ್ಕು ಎತ್ತಿದೆ. ಅವಳಿಗಾಗಿ ನಾನು ಮಾಡಬಹುದಾದ ದೊಡ್ಡ ಮರ್ಯಾದೆ ಅದೇ ಎಂದುಕೊಂಡಿದ್ದೆ. ನನ್ನ ತಂಗಿಯ ಬೇಡವನ್ನು ಮೊದಲನೇ ಸಲಕ್ಕೇ ನಂಬುವುದು. ಇಡೀ ಊರು ಕಲಿತದ್ದನ್ನು ನಾನೂ ಕಲಿತಿದ್ದೆ.

ಅವಳು ಮೇಜಿನ ಮೇಲೆ ಬೆರಳು ಬಡಿದಳು.

“ಏನಣ್ಣಾ, ಅಷ್ಟೇನಾ? ಇನ್ನೊಂದು ಸಲ ಕೇಳೋಕೆ ಏನು ರೋಗ ನಿನಗೆ?”

“ನೀನೇ ಅಲ್ವೇನೇ ಬೇಡ ಅಂದದ್ದು! ನಿನ್ನ ಮಾತು ನಂಬಿದೆ.”

“ನಿನ್ನ ಮಾತು ನಾನು ನಂಬಿದ್ನಾ?” ಎಂದಳು.

ಜನವರಿಯ ಆ ಮಧ್ಯಾಹ್ನ, ಇದೇ ಮೇಜು, ಇದೇ ಕುರ್ಚಿ. ದೇವರಾಣೆಗೂ ಬೇಡ ಎಂದಿದ್ದೆನಲ್ಲ. ಅವಳು ಕಾಫಿಗೆ ಎಣಿಸುವ ಹಾಗೆ ಎಣಿಸಿ, ಮೂರು, ಮುಗೀತಾ ಎಂದಿದ್ದಳು. ಬೇರೆ ಯಾವ ಊರಿನಲ್ಲಿ ಹುಟ್ಟಿದ್ದರೂ ನನ್ನ ತಂಗಿ ಆವತ್ತು ನನ್ನ ಮಾತಿಗೆ ಮರ್ಯಾದೆ ಕೊಟ್ಟು ಎದ್ದು ಹೋಗುತ್ತಿದ್ದಳು, ನಾನು ಈ ಆಲೂಗಡ್ಡೆಯನ್ನು ಕಾಣುತ್ತಿರಲಿಲ್ಲ. ಮುತ್ತಜ್ಜಂದಿರು ಹೊತ್ತು ತಂದದ್ದನ್ನು ರೋಗ ಎಂದೆನಲ್ಲ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ನಿನಗೆ ನಾನು ಹೇಗೆ ಋಣ ತೀರಿಸಲಿ ತಾಯಿ, ಎಂದು ಹೇಳಲು ಹೋದೆ, ನಮ್ಮೂರಿನ ಬಾಯಿ ನೋಡಿ, ಆ ಮಾತು ಹೊರಗೆ ಬರಲಿಲ್ಲ.

“ತಗೋತೀಯಾ, ಒಂಚೂರು?” ಎಂದೆ.

“ಸುಮ್ನೆ ನಿನಗ್ಯಾಕೆ ತೊಂದ್ರೆ.”

“ತಗೋ ಮಾರ್ಲಿಸ್.”

“ಆಗ್ಲಿ,” ಎಂದಳು ನನ್ನ ತಂಗಿ. “ಅರ್ಧ ಸಾಕು.”

ನಾನು ಆಲೂಗಡ್ಡೆಯನ್ನು ಸರಿಯಾಗಿ ಎರಡು ಮಾಡಿ, ಒಂದನ್ನು ಅವಳ ಕಡೆ ತಳ್ಳಿದೆ.